ಸಾಹುಕಾರರ ಹರಳಿನ ಹೊಟ್ಟೆ

ನಾನು ವಜ್ರಕ್ಕೆ ಸಾಣೆ ಹಿಡಿದರೆ ಅದರ ಹೊಳಪು ಕಂಡು ಊರ ಹುಂಜಗಳು ಬೆಳಗಾಯಿತೆಂದು ಕೂಗುತ್ತಿದ್ದವು. ಒಮ್ಮೆ ಉಳವಪ್ಪ ಸಾಹುಕಾರರು ಕರೆಸಿ ಉಂಗುರ ತೋರಿಸಿದರು.

"ಇಷ್ಟು ತೂಕದ ವಜ್ರ, ನೋಡಿದರ ಸಾಸಿವಿ ಕಾಳು! ದೊಡ್ಡದಾಗಿ ಕಾಣಬೇಕು. ಆದರ ಒಂದು ಚೂರೂ ಈ ಮನಿ ಬಿಟ್ಟು ಹೋಗಬಾರದು. ಹೋದರ ನಿನ್ನ ಸಾಣೆಕಲ್ಲು ಹೊಳಿಗೆ ಒಗೀತೀನಿ!"

ಹರಳಿನ ಮುಖ ಸಣ್ಣದು, ಹೊಟ್ಟೆ ಬಲು ಆಳ. ತೂಕವೆಲ್ಲ ಕೆಳಗೆ ಅಡಗಿ ಕೂತಿತ್ತು.

ಅಷ್ಟರಲ್ಲಿ ಸಾಹುಕಾರರ ಹೆಂಡತಿ ನೀಲವ್ವ ಮಜ್ಜಿಗೆ ತಂದರು. ಮೂಗಿನ ತೂತಿನಲ್ಲಿ ಬೇವಿನ ಕಡ್ಡಿ.

"ಇವರು ಮೂಗುಬೊಟ್ಟು ತರ್ತೀನಿ ಅಂದು ಮೂವತ್ತು ವರ್ಷ ಆತು," ಎಂದು ನಕ್ಕರು.

ನಾನು ಹರಳನ್ನು ಅಡ್ಡ ಮಲಗಿಸಿ ಸೀಳಿದೆ. ಒಂದು ಹೋಳನ್ನು ಬಾದಾಮಿಯಂತೆ ಅಗಲ ಮಾಡಿದೆ. ತೀರಾ ತೆಳುವಾದರೆ ಹೊಳಪು ಸಾಯುತ್ತದೆ, ಅದಕ್ಕೆ ಬೇಕಾದಷ್ಟು ಆಳ ಉಳಿಸಿದೆ. ಉಂಗುರ ಕಂದೀಲಿನಂತೆ ಬೆಳಗಿತು.

ಸಾಹುಕಾರರು ಹಿಗ್ಗಿದರು. ತೂಗಿ ನೋಡಿ ಗುಡುಗಿದರು: "ಉಳಿದದ್ದು ಎಲ್ಲಿ, ಕಳ್ಳ?"

"ಮನಿಯೊಳಗೇ ಐತ್ರಿ ಸಾವ್ಕಾರ್ರ. ಅವ್ವಾರ ಮುಖ ನೋಡ್ರಿ."

ನೀಲವ್ವನ ಮೂಗಿನಲ್ಲಿ ಪುಟ್ಟ ಹರಳು ಮಿನುಗುತ್ತಿತ್ತು. ಸಾಹುಕಾರರು ಬಗ್ಗಿ ನೋಡಿದರು. ಆಮೇಲೆ ತಕ್ಕಡಿ ಬದಿಗಿಟ್ಟು, "ನಾನೇ ಹೇಳಿ ಮಾಡಿಸೀನಿ, ನೀಲಾ," ಎಂದರು.

ನನ್ನ ಜೀವಮಾನದಲ್ಲಿ ನಾನೂ ಅಷ್ಟು ಚೆಂದದ ಸುಳ್ಳು ಹೇಳಿಲ್ಲ.