ಏಳನೆಯ ಹೆಜ್ಜೆ

ಹೊಳೆದಂಡೆಯ ಗರಡಿಯಲ್ಲಿ ಚೆಲುವಯ್ಯ ದೊಣ್ಣೆ ಹಿಡಿದು ಮೂರು ವರ್ಷವಾಗಿತ್ತು. ಮೂರು ವರ್ಷವೂ ಒಂದೇ ವರಸೆ. ಒಂಬತ್ತು ಹೆಜ್ಜೆ, ಒಂಬತ್ತು ಬೀಸು, ಎದುರಿಗೆ ಯಾರೂ ಇಲ್ಲ.

ಅವನಿಗೆ ಸಾಕಾಗಿಹೋಗಿತ್ತು. ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಕೂತಲ್ಲಿ ಕೂರುತ್ತಿರಲಿಲ್ಲ.

ಗುರು ಮಾರೇಗೌಡರಿಗೆ ಕಣ್ಣು ಮಂಜಾಗಿ, ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಹೆಜ್ಜೆ ಎಣಿಸುವರು. ತಪ್ಪಿದರೆ ಸದ್ದು ಕೇಳಿಯೇ ತಿದ್ದುವರು.

ಏಳನೆಯ ಹೆಜ್ಜೆಗೆ ಮಂಡಿ ಮಡಿಸಿ ತಲೆ ತಗ್ಗಿಸಬೇಕು. ಚೆಲುವಯ್ಯನಿಗೆ ಅದನ್ನು ಕಂಡರಾಗದು. ಎದುರಿಗೆ ಒಂದು ನರಪಿಳ್ಳೆಯೂ ಇಲ್ಲದಾಗ ಯಾರಿಗೆ ಬಗ್ಗುವುದು? ಗುರುಗಳು “ಏಳು” ಎಂದ ಕೂಡಲೇ ನಿಂತಲ್ಲೇ ಕಾಲು ಅಪ್ಪಳಿಸಿ ಸದ್ದು ಮಾಡುತ್ತಿದ್ದ. ಗುರುಗಳು “ಭೇಷ್” ಎನ್ನುತ್ತಿದ್ದರು. ಎಂಥ ಜಾಣ ನೋಡಿ!

ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿಯೇಬಿಟ್ಟ.

“ಗುರುಗಳೇ, ಪಕ್ಕದೂರಿನ ಪಂದ್ಯಕ್ಕೆ ನನ್ನೂ ಕಳಿಸಿ. ಗಾಳಿಗೆ ಹೊಡೆದೂ ಹೊಡೆದೂ ಹುಚ್ಚು ಹಿಡೀತಿದೆ.”

“ವರಸೆ ಪೂರ್ತಿ ಬಂತೇನಪ್ಪ?”

“ಬಂತು.”

“ಒಂಬತ್ತೂ?”

ಚೆಲುವಯ್ಯ ಉಗುಳು ನುಂಗಿದ. “ಒಂಬತ್ತೂ.”

“ಹಂಗಾದ್ರೆ ನನ್ನೆದುರು ನಿಲ್ಲು. ಒಂಬತ್ತು ಏಟು ತಡೆದರೆ ನಾಳೆನೇ ಹೊರಡು.”

ಮುದುಕರು ದೊಣ್ಣೆ ಹಿಡಿದು ಅಂಗಳಕ್ಕಿಳಿದರು. ಚೆಲುವಯ್ಯನಿಗೆ ಒಳಗೊಳಗೇ ನಗು. ಕಣ್ಣು ಕಾಣದವರ ಜೊತೆ ಇದೆಂಥ ಆಟ!

ದೊಣ್ಣೆಗೆ ದೊಣ್ಣೆ ತಾಗಿತು. ಒಂದು, ಎರಡು, ಮೂರು. ಏಟು ಎಲ್ಲಿಗೆ ಬಂದರೂ ಅವನ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಅವನಿಗೇ ಆಶ್ಚರ್ಯ. ನಾಲ್ಕು, ಐದು, ಆರು. ಗೆದ್ದೇಬಿಟ್ಟೆ ಎಂದುಕೊಂಡು ಎದೆಯುಬ್ಬಿಸಿ ನಿಂತ.

ಏಳನೆಯ ಏಟು ಹಣೆಗೆ ಬಡಿಯಿತು.

ಚೆಲುವಯ್ಯ ಮಣ್ಣಿಗೆ ಬಿದ್ದ. ರಕ್ತ ಹುಬ್ಬು ದಾಟಿ ಕಣ್ಣಿಗಿಳಿಯಿತು. ಅಯ್ಯೋ ಎಂಬ ದನಿ ಕೇಳಿದ್ದೇ ಗುರುಗಳು ದೊಣ್ಣೆ ಬಿಸಾಡಿದರು. ನೆಲ ತಡವುತ್ತ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಪಂಚೆಯ ಅಂಚು ಹರಿದು ಗಾಯಕ್ಕೆ ಒತ್ತಿದರು.

“ತಲೆಗೇ ಗುರಿ ಇಟ್ಟಿರಲ್ಲ ಗುರುಗಳೇ!” ಚೆಲುವಯ್ಯನಿಗೆ ನೋವಿಗಿಂತ ಸಿಟ್ಟೇ ಹೆಚ್ಚಾಗಿತ್ತು. “ಕೊಂದೇಬಿಡ್ತಿದ್ರಿ!”

“ಗುರಿ ಇಡೋಕೆ ನನಗೆ ಕಣ್ಣೆಲ್ಲಿದೆ ಮಗಾ? ನಾನು ವರಸೆ ಹಾಕ್ತಿದ್ದೆ. ನೀನು ಬಗ್ಗಿರ್ತೀಯ ಅಂತ ನಂಬಿದ್ದೆ.”