ಜೈಕಾರಕ್ಕೆ ಹೋದ ನೀರು

ಬೇಸಿಗೆಯಲ್ಲಿ ಕಾಡಿನ ಬೆಂಕಿ ಆರಿಸುವ ಕೆಲಸ ಆನೆಗಳದು. ಸೊಂಡಿಲ ತುಂಬ ನೀರು ಹಿಡಿದೇ ಅವು ಕಾವಲು ನಿಲ್ಲುತ್ತಿದ್ದವು. ಕಾಡಿನ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ನವಿಲು ಒಂದು ದಿನ ಬೆಂಬಲ ಕೇಳಲು ಬಂತು.

"ನಮ್ಮ ಕೆರೆಯ ಹೂಳು ತೆಗೆಸ್ತಾರಂತೆ, ಬೆಂಬಲಿಸೋಣ," ಎಂದಿತು ಸಲಗ.

"ಯಾರು ಗೆದ್ದರೂ ಬೆಂಕಿ ಬೆಂಕಿಯೇ. ನಮಗ್ಯಾಕೆ ಈ ಉಸಾಬರಿ?" ಎಂದಿತು ಮುದಿ ಹೆಣ್ಣಾನೆ.

ಮಧ್ಯಾಹ್ನದವರೆಗೂ ವಾದ ನಡೆದು ಸಲಗದ ಮಾತೇ ಗೆದ್ದಿತು. ಆನೆಗಳೆಲ್ಲ ಸೊಂಡಿಲೆತ್ತಿ, "ನವಿಲಣ್ಣನಿಗೆ ಜೈ!" ಎಂದು ಘೀಳಿಟ್ಟವು. ನೀರೆಲ್ಲ ಚೆಲ್ಲಿಹೋಯಿತು.

ನವಿಲಿನ ಹಿಂಬಾಲಕ ಕೋತಿಗಳು ಖುಷಿಗೆ ಪಟಾಕಿ ಹಚ್ಚಿದವು. ಕಿಡಿ ಹಾರಿ ನವಿಲಿನ ಗರಿಗೇ ಹತ್ತಿಕೊಂಡಿತು.

"ನೀರು ಹಾಕ್ರಪ್ಪೋ!" ಎಂದು ನವಿಲು ಎಗರಾಡಿತು.

ಮುದಿಯಾನೆ ಖಾಲಿ ಸೊಂಡಿಲು ತೋರಿಸಿತು: "ಇದ್ದದ್ದೆಲ್ಲ ನಿಮ್ಮ ಜೈಕಾರಕ್ಕೇ ಹೋಯ್ತಲ್ಲ ಸ್ವಾಮಿ. ಕೆರೆಗೆ ಹೋಗಿ ಬರ್ತೀವಿ, ಅಲ್ಲೀವರೆಗೆ ಕುಣೀತಾ ಇರಿ."