ಪ್ರಬಂಧ ಕದ್ದ ನೇಕಾರ

“ಮೇಷ್ಟ್ರೇ, ಜಠರದ ಕ್ಯಾನ್ಸರಿನ ಮೇಲೆ ಆರು ವರ್ಷ ದುಡಿದು ಪ್ರಬಂಧ ಬರೆದೆ. ಅಚ್ಚಾಗಿ ವರ್ಷವಾಯಿತು. ಯಾರೂ ಓದಿದ ಹಾಗಿಲ್ಲ, ಒಂದು ಸಾಲಿನ ಉತ್ತರವೂ ಇಲ್ಲ. ನಾನು ಯಾರಿಗಾಗಿ ಬರೆದೆ?” ಎಂದು ನೀಲಾಂಬಿಕೆ ಕೇಳಿದಳು.

ಗುರುಶಾಂತಪ್ಪನವರು ಅವಳಿಗೆ ಶಸ್ತ್ರಚಿಕಿತ್ಸೆ ಕಲಿಸಿದ ಗುರುಗಳು. “ಸರಿಯಾದ ಮನೆಗೇ ಬಂದೆ,” ಎಂದರು. “ಜಠರದ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲವರು ಇಬ್ಬರೇ. ಒಬ್ಬ ಅದನ್ನು ಮಾಡಿದ ಬ್ರಹ್ಮ, ಇನ್ನೊಬ್ಬ ಮದುವೆಮನೆಯ ಅಡುಗೆಭಟ್ಟ. ಅವರಿಬ್ಬರಿಗೂ ಪುರುಸೊತ್ತಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ, ಕೇಳು.”

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಕೈ ಎಷ್ಟು ಹಗುರವೆಂದರೆ, ಹೊಟ್ಟೆ ಕೊಯ್ಸಿಕೊಂಡವರು ಕಣ್ಣು ಬಿಟ್ಟು, “ಶುರು ಮಾಡುವುದು ಯಾವಾಗ ಸ್ವಾಮಿ?” ಎಂದು ಕೇಳುತ್ತಿದ್ದರಂತೆ. ಕ್ಯಾನ್ಸರ್ ಹಿಡಿದ ಜಠರವನ್ನು ಅರ್ಧ ಕತ್ತರಿಸಿ ತೆಗೆದರೆ ಮನುಷ್ಯ ಇನ್ನೆಷ್ಟು ವರ್ಷ ಬದುಕುತ್ತಾನೆ? ಅದನ್ನು ತಿಳಿಯಲು ಅವನು ಹೊರಟಿದ್ದ. ಇನ್ನೂರ ಹನ್ನೆರಡು ಜನರಿಗೆ ಶಸ್ತ್ರಚಿಕಿತ್ಸೆ ಮಾಡಿದ. ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟ. ಆರು ತಿಂಗಳಿಗೊಮ್ಮೆ ಎಲ್ಲರಿಗೂ ಕೈಯಾರೆ ಕಾರ್ಡು ಬರೆಯುತ್ತಿದ್ದ: ‘ಊಟ ಸೇರುತ್ತಿದೆಯೇ? ಒಮ್ಮೆ ಬಂದು ತೋರಿಸಿ ಹೋಗಿ.’ ಬರಲಾಗದವರು ಉತ್ತರ ಬರೆಯುತ್ತಿದ್ದರು. ಹೆಂಡತಿ ಮಕ್ಕಳಿಲ್ಲದ ಆ ಮನುಷ್ಯನಿಗೆ ಬರುತ್ತಿದ್ದ ಕಾಗದಗಳೆಂದರೆ ಅವೇ.

ಎಂಟನೆಯ ವರ್ಷ ಅವನು ಪ್ರಬಂಧ ಬರೆಯಲು ಕುಳಿತ. ಆ ವರ್ಷ ಕಾರ್ಡು ಬರೆಯಲು ಬಿಡುವಾಗಲಿಲ್ಲ. ತಾವಾಗಿ ಬಂದವರನ್ನು ಬದುಕಿದವರೆಂದೂ ಸುದ್ದಿ ಬಂದವರನ್ನು ಸತ್ತವರೆಂದೂ ಬರೆದುಕೊಂಡ. ಏಳು ಜನರ ಸುಳಿವೇ ಇರಲಿಲ್ಲ. ಅವರ ಸಂಖ್ಯೆಗಳನ್ನು, ಅವನ ಕಸುಬಿನವರೆಲ್ಲ ಮಾಡುವಂತೆ, ಕೊನೆಯ ಪುಟದಲ್ಲಿ ‘ಸಂಪರ್ಕ ತಪ್ಪಿದವರು’ ಎಂಬ ಸಾಲಿಗೆ ಸೇರಿಸಿದ.

ಪ್ರಬಂಧ ಅಚ್ಚಾಯಿತು. ನೂರು ಮಂದಿ ದೊಡ್ಡ ವೈದ್ಯರಿಗೆ ಪ್ರತಿ ಕಳಿಸಿದ. ಇನ್ನೊಂದನ್ನು ಆಸ್ಪತ್ರೆಯಲ್ಲಿ ರೋಗಿಗಳು ಕಾಯುವಲ್ಲಿ ಹಲಗೆಗೆ ತೂಗುಹಾಕಿದ. ಆಮೇಲೆ ದಿನವೂ ಹನ್ನೊಂದು ಗಂಟೆಗೆ ಕಿಟಕಿಯಲ್ಲಿ ನಿಂತು ಅಂಚೆಯವನ ದಾರಿ ಕಾದ. ಅಂಚೆಯವನು ಮೊದಮೊದಲು ನಿಂತು ‘ಇಲ್ಲ ಸಾರ್’ ಎನ್ನುತ್ತಿದ್ದ. ಆಮೇಲೆ ಸೈಕಲ್ಲಿನ ಮೇಲಿಂದಲೇ ಕೈಯಾಡಿಸುತ್ತಿದ್ದ. ಕೊನೆಗೆ ಕಿಟಕಿಯತ್ತ ನೋಡುವುದನ್ನೂ ಬಿಟ್ಟ. ರೋಗಿಗಳ ಕಾಗದಗಳೂ ನಿಂತುಹೋಗಿದ್ದವು. ಏಕೆಂದು ವೈದ್ಯ ಯೋಚಿಸಲಿಲ್ಲ.

ಒಂದು ದಿನ ಹಲಗೆಯ ಮೇಲಿನ ಪ್ರತಿ ಕಾಣೆಯಾಯಿತು. ವೈದ್ಯನಿಗೆ ಹಿಗ್ಗೋ ಹಿಗ್ಗು. ಕದ್ದು ಓದುವಷ್ಟು ಚೆನ್ನಾಗಿದೆ ಎಂದಾಯಿತಲ್ಲ. ಆ ಮಧ್ಯಾಹ್ನ ಎರಡು ತುತ್ತು ಹೆಚ್ಚೇ ಉಂಡ. ಕಳ್ಳ ಸಿಕ್ಕರೆ ಹೊದಿಸಲು ಒಂದು ಶಾಲನ್ನೂ ತಂದಿಟ್ಟುಕೊಂಡ.

ಎಂಟನೆಯ ದಿನ ಕಳ್ಳ ತಾನಾಗಿಯೇ ಬಂದ. ಅವನೊಬ್ಬ ನೇಕಾರ. ಪ್ರತಿಯನ್ನು ಮಡಿಕೆ ಬೀಳದಂತೆ ಹೊಸ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಕೊನೆಯ ಪುಟದ ಒಂದು ಸಂಖ್ಯೆಯ ಕೆಳಗೆ ಪೆನ್ಸಿಲ್ಲಿನ ಗೆರೆಯಿತ್ತು.

“ಕೂತುಕೊಳ್ಳಪ್ಪ. ಯಾವ ಭಾಗ ಹಿಡಿಸಿತು?” ಎಂದ ವೈದ್ಯ.

“ನನಗೆ ಇಂಗ್ಲಿಷ್ ಎಲ್ಲಿ ಬರಬೇಕು ಸ್ವಾಮಿ. ಹೊಟ್ಟೆ ಕೊಯ್ಸಿಕೊಂಡವರೆಲ್ಲ ಇದರಲ್ಲಿದ್ದಾರೆ ಅಂತ ಇಲ್ಲಿ ಯಾರೋ ಹೇಳಿದರು. ಒಯ್ದು ನಮ್ಮೂರ ಮೇಷ್ಟ್ರಿಂದ ಓದಿಸಿದೆ. ನನ್ನ ಹೆಂಡತಿಯ ಚೀಟಿಯಲ್ಲಿದ್ದದ್ದು ನೂರ ನಲವತ್ತೊಂದು. ಸತ್ತವರ ಸಾಲಿನಲ್ಲಿ ಹುಡುಕಿಸಿದೆ, ಇರಲಿಲ್ಲ. ಒಂದು ಗಳಿಗೆ ಹುಚ್ಚು ಆಸೆಯಾಯಿತು, ಬದುಕಿದವರ ಸಾಲಿನಲ್ಲೂ ಹುಡುಕಿಸಿದೆ. ಕೊನೆಗೆ ಇಲ್ಲಿ ಸಿಕ್ಕಳು. ಸಂಪರ್ಕ ತಪ್ಪಿದವಳು ಅಂತ ಬರೆದಿದ್ದೀರಿ.”

“ಅವಳು ಬರಲಿಲ್ಲವಲ್ಲ.”

“ಮತ್ತೆ ನೋವು ಕಾಣಿಸಿಕೊಂಡಾಗ ಹೋಗೋಣ ನಡಿ ಅಂದೆ. ‘ಡಾಕ್ಟರ ಕಾರ್ಡು ಬಂದಿಲ್ಲ, ಅಂದರೆ ನನಗಿನ್ನು ಏನೂ ಇಲ್ಲ’ ಅಂದಳು. ಆಷಾಢದಲ್ಲಿ ಹೋದಳು. ಕೊನೆಯ ತನಕ ನಿಮ್ಮ ಕಾರ್ಡು ಬರುತ್ತಿದ್ದ ಅದೇ ಮನೆ, ಅದೇ ಬಾಗಿಲು. ಮಗ್ಗದಲ್ಲಿ ಎಳೆ ತುಂಡಾದರೆ ನಾವು ಮಗ್ಗ ನಿಲ್ಲಿಸಿ ಗಂಟು ಹಾಕುತ್ತೇವೆ ಸ್ವಾಮಿ, ಎಳೆ ತಪ್ಪಿಸಿಕೊಂಡಿತು ಅನ್ನುವುದಿಲ್ಲ. ಅವಳನ್ನು ಸತ್ತವರ ಸಾಲಿಗಾದರೂ ಬರೆದುಬಿಡಿ. ಅದಕ್ಕೇ ಬಂದೆ.”

ವೈದ್ಯ ಪೆನ್ನು ತೆಗೆದ. ಆ ಪ್ರತಿಯಲ್ಲಿ ನೂರ ನಲವತ್ತೊಂದನ್ನು ಹೊಡೆದು ಸತ್ತವರ ಸಾಲಿಗೆ ಬರೆದ. ದೊಡ್ಡವರಿಗೆ ಕಳಿಸಿದ ನೂರರಲ್ಲಿ ಅದು ಇದ್ದಲ್ಲೇ ಉಳಿಯಿತು. ನೇಕಾರ ಕೈಮುಗಿದು ಹೋದ. ಶಾಲು ಕುರ್ಚಿಯ ಮೇಲೇ ಇತ್ತು.

ಗುರುಶಾಂತಪ್ಪನವರು ಕತೆ ನಿಲ್ಲಿಸಿದರು.

“ಉಳಿದ ಆರು ಜನ ಏನಾದರು ಮೇಷ್ಟ್ರೇ?” ಎಂದು ನೀಲಾಂಬಿಕೆ ಕೇಳಿದಳು.

“ನಿನ್ನ ಪ್ರಬಂಧದಲ್ಲಿ ಆ ಸಾಲಿನಲ್ಲಿ ಎಷ್ಟು ಜನರಿದ್ದಾರಮ್ಮ?” ಎಂದರು ಗುರುಗಳು.